ಹುಲಿ 524ರಿಂದ 563 ಆದರೆ ಬೇಟೆ ನಿಂತಿದೆಯೇ?

ಸ್ಪರ್ಧಾತ್ಮಕ ಪರೀಕ್ಷೆಯ ತಾರ್ಕಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ‘ಹೇಳಿಕೆ ಮತ್ತು ತೀರ್ಮಾನ’ ಪ್ರಶ್ನೆ ಪ್ರಾಣಿಗಳ ಸಂಖ್ಯೆಯ ಮೇಲೆ ಬಂದಾಗ ಚೆನ್ನಾಗಿ ಓದಿಕೊಂಡವರೇ ಹೆಚ್ಚು ಎಡವುತ್ತಾರೆ. ಕಾಡಿನ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಹೇಳಿಕೆಯೊಳಗೆ ತುಂಬಿಬಿಡುತ್ತಾರೆ.

ಹೇಳಿಕೆ ಹೀಗಿದೆ ಎಂದುಕೊಳ್ಳಿ: ‘ಕರ್ನಾಟಕದಲ್ಲಿ ಹುಲಿಗಳ ಅಂದಾಜು ಸಂಖ್ಯೆ 2018ರಲ್ಲಿ 524, 2022ರಲ್ಲಿ 563. ಇದೇ ಅವಧಿಯಲ್ಲಿ ದೇಶದ ಅಂದಾಜು 2967ರಿಂದ 3682ಕ್ಕೆ ಏರಿತು.’ ಇದರಿಂದ ಖಚಿತವಾಗಿ ಹೊರಡುವ ತೀರ್ಮಾನವನ್ನು ಆರಿಸಬೇಕು. ತೀರ್ಮಾನ ಮೂರು. 1) ರಾಜ್ಯದಲ್ಲಿ ಹುಲಿ ಬೇಟೆ ಕಡಿಮೆಯಾಗಿದೆ. 2) ದೇಶದ ಹುಲಿಗಳಲ್ಲಿ ಕರ್ನಾಟಕದ ಪಾಲು ಹೆಚ್ಚಿದೆ. 3) ಕರ್ನಾಟಕ ಬಿಟ್ಟು ಉಳಿದ ದೇಶದಲ್ಲೂ ಅಂದಾಜು ಏರಿದೆ.

ಮೊದಲನೆಯದಕ್ಕೆ ಟಿಕ್ ಹಾಕುವವರು ಬಹಳ. ಆದರೆ ಒಂದು ಕಾಡಿನ ಪ್ರಾಣಿಸಂಖ್ಯೆ ಬದಲಾಗುವುದು ನಾಲ್ಕು ದಾರಿಯಲ್ಲಿ: ಹುಟ್ಟು, ಸಾವು, ಒಳಗೆ ಬರುವುದು, ಹೊರಗೆ ಹೋಗುವುದು. ಬೇಟೆ ಇದ್ದಷ್ಟೇ ಇದ್ದು ಮರಿಗಳು ಹೆಚ್ಚು ಉಳಿದಿರಬಹುದು. ಬಂಡೀಪುರಕ್ಕೆ ಒಂದು ಕಡೆ ಮುದುಮಲೈ, ಇನ್ನೊಂದು ಕಡೆ ವಯನಾಡು ಅಂಟಿಕೊಂಡಿವೆ. ಹುಲಿಗೆ ರಾಜ್ಯದ ಗಡಿ ಗೊತ್ತಿಲ್ಲ, ಅಲ್ಲಿಂದ ಬಂದಿರಬಹುದು. ಹೇಳಿಕೆ ನಿಜವಾಗಿದ್ದೂ ತೀರ್ಮಾನ ಸುಳ್ಳಾಗುವ ಒಂದೇ ಒಂದು ಸನ್ನಿವೇಶ ಸಿಕ್ಕರೆ ಸಾಕು, ಹೊಡೆದುಹಾಕಿ. ಅದು ಎಷ್ಟೇ ನಿಜವೆನಿಸಲಿ.

ಎರಡನೆಯದಕ್ಕೆ ಲೆಕ್ಕ ಮಾಡಿ. 524 ಎಂದರೆ 2967ರ ಶೇ 17.7, 563 ಎಂದರೆ 3682ರ ಶೇ 15.3. ಸಂಖ್ಯೆ ಏರಿದೆ, ಪಾಲು ಇಳಿದಿದೆ. ಮೂರನೆಯದು ಹೇಳಿಕೆಯಲ್ಲಿ ಎಲ್ಲೂ ಬರೆದಿಲ್ಲ, ಆದರೂ ಸರಿ: ಕಳೆದು ನೋಡಿದರೆ ಉಳಿದ ದೇಶದ ಅಂದಾಜು 2443ರಿಂದ 3119 ಆಗಿದೆ. ಹೇಳಿಕೆಯಲ್ಲಿ ಆ ಮಾತು ಇಲ್ಲ ಎಂಬ ಕಾರಣಕ್ಕೆ ಇದನ್ನು ಬಿಡುವುದು ಮೊದಲನೆಯದನ್ನು ಒಪ್ಪುವಷ್ಟೇ ದೊಡ್ಡ ತಪ್ಪು.

ಎರಡು ವರ್ಷದ ಅಂಕಿಗಳನ್ನು ಹೋಲಿಸುವಾಗ ಎಣಿಸಿದ ಜಾಗ ಒಂದೇ ಆಗಿತ್ತೇ ಎಂದೂ ನೋಡಬೇಕು. 2006ರಲ್ಲಿ ದೇಶದ ಅಂದಾಜು 1411, 2010ರಲ್ಲಿ 1706. 295 ಹೆಚ್ಚಳ ಎನ್ನಲು ಕೈ ತುರಿಸುತ್ತದೆ. ಆದರೆ 2006ರ ಅಂಕಿಯಲ್ಲಿ ಸುಂದರಬನ ಸೇರಿರಲಿಲ್ಲ. 2010ರಲ್ಲಿ ಅಲ್ಲಿಯ 70 ಸೇರಿತ್ತು. ಅದನ್ನು ತೆಗೆದರೆ ಹೋಲಿಸಬಹುದಾದ ಹೆಚ್ಚಳ 225.

ಕಣ್ಣಿಗೆ ಬಿದ್ದದ್ದು ಬೇರೆ, ಇರುವುದು ಬೇರೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹಸಿರು ಹುಲ್ಲು ಎದ್ದಾಗ ಆನೆ ಹಿಂಡುಗಳು ಅಲ್ಲಿ ನೆರೆಯುತ್ತವೆ. ಮಳೆಗಾಲಕ್ಕಿಂತ ಹೆಚ್ಚು ಆನೆ ಕಂಡವು ಎಂಬ ಹೇಳಿಕೆಯಿಂದ ಆನೆ ಹೆಚ್ಚಾದವು ಎಂಬ ತೀರ್ಮಾನ ಹೊರಡುವುದಿಲ್ಲ.

ಗುರುತು ಹಾಕಿ ಮತ್ತೆ ಹಿಡಿಯುವ ಲೆಕ್ಕ ನನಗೆ ಬಹಳ ಇಷ್ಟ, ಯಾಕೆಂದರೆ ಅದರ ಊಹೆಗಳು ಎದುರಿಗೇ ಕಾಣುತ್ತವೆ. ಕೆರೆಯಲ್ಲಿ 100 ಮೀನಿಗೆ ಗುರುತು ಹಾಕಿ ಬಿಟ್ಟಿರಿ. ಮತ್ತೆ ಬಲೆ ಬೀಸಿದಾಗ 80 ಸಿಕ್ಕವು, ಅವುಗಳಲ್ಲಿ 20ಕ್ಕೆ ಗುರುತಿದೆ. ಸಿಕ್ಕವುಗಳಲ್ಲಿ ಕಾಲುಭಾಗಕ್ಕೆ ಗುರುತಿದೆ, ಹಾಗಾದರೆ ಗುರುತು ಹಾಕಿದ 100 ಇಡೀ ಕೆರೆಯ ಕಾಲುಭಾಗ: 100 × 80 ÷ 20 = 400. ನಡುವೆ ಅರ್ಧ ಗುರುತು ಕಳಚಿಬಿದ್ದಿದ್ದರೆ 20ರ ಬದಲು 10 ಕಾಣುತ್ತಿತ್ತು, ಲೆಕ್ಕ 800 ಎನ್ನುತ್ತಿತ್ತು. ಕೆರೆಯಲ್ಲಿ ಮಾತ್ರ ಒಂದು ಮೀನೂ ಹೆಚ್ಚಿಲ್ಲ. ಕ್ಯಾಮೆರಾ ಚಿತ್ರದಲ್ಲಿ ಹುಲಿಯನ್ನು ಗುರುತಿಸುವುದು ಪಟ್ಟೆಯಿಂದ, ಅದು ಕಳಚುವ ಗುರುತಲ್ಲ. ಆದರೆ ಎಡಮೈ, ಬಲಮೈ ಪಟ್ಟೆಗಳು ಬೇರೆ ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಒಂದೇ ಬದಿಗಿಟ್ಟರೆ, ಬರುವಾಗ ಎಡಮೈ ತೋರಿಸಿ ಹೋಗುವಾಗ ಬಲಮೈ ತೋರಿಸಿದ ಹುಲಿ ಎರಡಾಗಿಬಿಡಬಹುದು.

‘ಕನಿಷ್ಠ’, ‘ಸರಾಸರಿ’ ಎಂಬ ಪದಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. 2022ರ ಗಣತಿಯ 3167 ಎಂಬ ಅಂಕಿ ಮೈಸೂರಿನಲ್ಲಿ 2023ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು, ಜುಲೈನಲ್ಲಿ 3682 ಬಂತು. ಮೊದಲನೆಯದು ಕನಿಷ್ಠ ಸಂಖ್ಯೆ, ಎರಡನೆಯದು ಸರಾಸರಿ ಅಂದಾಜು, ಗಣತಿ ಒಂದೇ. ಆ ಮೂರು ತಿಂಗಳಲ್ಲಿ 515 ಹುಲಿ ಹೆಚ್ಚಾದವು ಎಂಬ ಆಯ್ಕೆ ಕೊಟ್ಟರೆ ಅದಕ್ಕೆ ಟಿಕ್ ಹಾಕಬೇಡಿ.