ಮೇಲೆ ಬಂದು ಎಷ್ಟು ದಿನವಾಯಿತು?

"ಎಷ್ಟು ದಿನವಾಯಿತಮ್ಮಾ ಮೇಲೆ ಬಂದು?"

ಭಾನುವಾರ ಬೆಳಿಗ್ಗೆ ತಾರಸಿಯಲ್ಲಿ ಪಕ್ಕದ ಮನೆಯ ಅಜ್ಜಿ ನಮ್ಮ ದಾಸವಾಳದ ರೆಂಬೆಯೊಂದನ್ನು ಬಗ್ಗಿಸಿ ಹಿಡಿದು ಕೇಳಿದರು. ತುದಿಯಿಂದ ಬುಡದವರೆಗೆ ಯಾರೋ ಅಕ್ಕಿಹಿಟ್ಟು ಮೆತ್ತಿದ ಹಾಗೆ ರೆಂಬೆ ಬೆಳ್ಳಗಾಗಿತ್ತು. ಮೊಗ್ಗುಗಳು ಅರಳದೆಯೇ ಮುರುಟಿದ್ದವು.

"ನೀರು ದಿನವೂ ಹೋಗುತ್ತದೆ ಅಜ್ಜಿ, ಟೈಮರ್ ಇದೆಯಲ್ಲ" ಎಂದೆ.

"ನೀರಿನ ಮಾತು ಯಾರು ಕೇಳಿದರು? ನೀನು ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ."

ಮೂರು ವಾರವಾಗಿತ್ತು. ಮಾರ್ಚ್ ತಿಂಗಳ ಲೆಕ್ಕಪತ್ರ ಮುಗಿಸಿ ಕಚೇರಿಯಿಂದ ಹನುಮಂತನಗರ ಸೇರುವಷ್ಟರಲ್ಲಿ ರಾತ್ರಿ ಒಂಬತ್ತಾಗುತ್ತಿತ್ತು. ತಾರಸಿಯ ನಲವತ್ತು ಕುಂಡಗಳಿಗೂ ಡ್ರಿಪ್ ಪೈಪು ಹಾಕಿಸಿದ್ದು ನಮ್ಮ ಯಜಮಾನರು. ಯಾವ ತೊಂದರೆಗೂ ಒಂದು ಸಲಕರಣೆ ಇದ್ದೇ ಇರುತ್ತದೆ ಎಂದು ನಂಬುವ ಮನುಷ್ಯ. ಆ ನಂಬಿಕೆಯಿಂದ ಮನೆಗೆ ಅನುಕೂಲವೇ ಹೆಚ್ಚಾಗಿದೆ. ಪೈಪು ಜೋಡಿಸಿದ ಹುಡುಗ ಹೊರಡುವಾಗ "ಇನ್ನು ತೋಟದ ಚಿಂತೆ ಬಿಟ್ಟುಬಿಡಿ ಮೇಡಂ" ಎಂದಿದ್ದ. ಬಿಟ್ಟುಬಿಟ್ಟಿದ್ದೆ.

ಅಜ್ಜಿ ದೇವರ ಪೂಜೆಗೆ ಕೇಳದೆಯೇ ಹೂ ಕೊಯ್ಯುತ್ತಾರೆ ಎಂದು ನನಗೆ ಒಳಗೊಳಗೇ ಅಸಮಾಧಾನವಿತ್ತು. ಎರಡು ತಾರಸಿಗಳ ನಡುವೆ ಮೊಣಕಾಲೆತ್ತರದ ಗೋಡೆ, ಅಷ್ಟೇ. ಯುಗಾದಿಗೆ ಮೈಸೂರಿನ ಮಗಳ ಮನೆಗೆ ಹೋದವರು ಹಿಂದಿನ ದಿನವಷ್ಟೇ ಮರಳಿದ್ದರು. ಅವರು ಇಲ್ಲೇ ಇದ್ದಿದ್ದರೆ ಗಿಡಕ್ಕೆ ಈ ಗತಿ ಬರುತ್ತಿರಲಿಲ್ಲ. ಹೂ ಕೊಯ್ಯುವ ಕೈಗಾದರೂ ಹುಳು ಸಿಗುತ್ತಿತ್ತು.

ರೆಂಬೆಯನ್ನು ಬೆಳ್ಳಗಾಗಿಸಿದ್ದ ಆ ಹುಳು, ಹಿಟ್ಟು ತಿಗಣೆ, ಒಂದೇ ರಾತ್ರಿಯಲ್ಲಿ ಬರುವುದಿಲ್ಲ. ರಸ ಹೀರುವ ಹೆಣ್ಣಿಗೆ ರೆಕ್ಕೆಯೇ ಇಲ್ಲ. ಅದು ಸ್ರವಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಮರಿಗಳನ್ನು ಹೊತ್ತು ಹೊಸ ಚಿಗುರಿಗೆ ಸಾಗಿಸುತ್ತವೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಮರಿಯಾಗಿದ್ದಾಗ ಬೇವಿನೆಣ್ಣೆ, ಸೋಪಿನ ನೀರಿಗೆ ಸಾಯುವ ಹುಳು, ಮೈಮೇಲೆ ಮೇಣದಂಥ ಹೊದಿಕೆ ಬೆಳೆದ ಮೇಲೆ ಬಗ್ಗುವುದಿಲ್ಲ. ಗಿಡದ ಮೇಲೆ ಇರುವೆಯ ಸಾಲು ಕಂಡ ದಿನವೇ ಎಲೆ ತಿರುವಿ ನೋಡಬೇಕಿತ್ತು. ನೋಡಲು ನಾನು ಅಲ್ಲಿರಲಿಲ್ಲ.

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕುಂಡದ ಕೆಳಗಿನ ತಟ್ಟೆ ಎಳೆದರು. ತುಂಬಿದ ನೀರಿನಲ್ಲಿ ಸೊಳ್ಳೆಮರಿಗಳು ಕೊಕ್ಕೆಯಂತೆ ಡೊಂಕಾಗುತ್ತ ಏಳುತ್ತ ಮುಳುಗುತ್ತ ಇದ್ದವು. ನನಗೆ ಮೈ ಜುಮ್ಮೆಂದಿತು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು. ಅಜ್ಜಿ ನೀರು ಚೆಲ್ಲಿ ಸುಮ್ಮನಾಗಲಿಲ್ಲ, ತೆಂಗಿನ ನಾರಿನಿಂದ ತಟ್ಟೆಯ ಒಳಬದಿಯನ್ನು ಗಸಗಸ ಉಜ್ಜಿದರು. ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ. ಅಜ್ಜಿ ಇದನ್ನು ಎಲ್ಲಿಯೂ ಓದಿದವರಲ್ಲ. ವಾರಕ್ಕೊಮ್ಮೆ ಉಜ್ಜಿ ರೂಢಿ, ಅಷ್ಟೇ.

ಹೀರೆಬಳ್ಳಿಯಲ್ಲಿ ಒಂದು ಕಾಯಿಯೂ ಇರಲಿಲ್ಲ. ಅದರ ಹೂ ಸಂಜೆ ಅರಳುತ್ತದೆ. ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿಗೆ ಗಂಡು ಹೂವನ್ನು ನಾನೇ ಮುಟ್ಟಿಸುತ್ತಿದ್ದೆ.

ಮರುದಿನ ಬಸ್ ನಿಲ್ದಾಣಕ್ಕೆ ನಡೆಯುವಾಗಲೂ ಅದೇ ಪ್ರಶ್ನೆ. ಎಷ್ಟು ದಿನವಾಯಿತು ಬಂದು? ನಮ್ಮ ಬೀದಿಯ ಹೊಂಗೆ ಮರಗಳು ಈಗ ಎಳೆ ಹಸಿರು ತಳೆದು ಹೊಳೆಯುತ್ತಿವೆ. ಕೆಲವು ವರ್ಷಗಳ ಹಿಂದೆ ಪರಿಸರ ದಿನದಂದು ನೆಟ್ಟ ಸಸಿಗಳು ಅವು. ಅಂದು ಫೋಟೊ ತೆಗೆಸಿಕೊಂಡವರಲ್ಲಿ ನಾನೂ ಇದ್ದೆ. ಒಂದು ಮರದ ಬಳಿ ನಿಂತು ಸರಿಯಾಗಿ ನೋಡಿದೆ. ಸಸಿಯನ್ನು ಕೋಲಿಗೆ ಕಟ್ಟಿದ್ದ ತಂತಿಯನ್ನು ಯಾರೂ ಬಿಚ್ಚಿಲ್ಲ. ಕಾಂಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿದಿದೆ, ಮೇಲೆ ಕೆಳಗೆ ತೊಗಟೆ ತುಟಿಯಂತೆ ಊದಿದೆ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಆ ತೊಗಟೆಯ ಒಳಪದರದ ಮೂಲಕ. ಸುತ್ತಲೂ ಬಿಗಿದರೆ ಮರ ನಿಂತಲ್ಲೇ ಹಸಿಯುತ್ತದೆ. ಈ ಊರಿನಲ್ಲಿ ನೆಡುವುದಕ್ಕೆ ಉತ್ಸಾಹ ಎಂದೂ ಕಡಿಮೆಯಾಗಿಲ್ಲ. ನೆಟ್ಟ ಮೇಲೆ ಬಂದು ನೋಡುವವರು ಬೇಕು. ಐದು ವರ್ಷ ದಿನವೂ ಆ ಮರದ ಮುಂದೆ ಹಾದುಹೋಗಿದ್ದೇನೆ. ಹಾದುಹೋಗುವುದು ಬಂದು ನೋಡಿದ ಹಾಗಾಗುವುದಿಲ್ಲ.

ಸಂಜೆ ಯಜಮಾನರು ಇಕ್ಕಳ ತಂದರು. ಮೂರು ಮರಗಳ ತಂತಿ ಕತ್ತರಿಸಿದೆವು. ನಾಲ್ಕನೆಯದರಲ್ಲಿ ಅದು ಪೂರ್ತಿ ಒಳಗೆ ಹೋಗಿತ್ತು, ತೆಗೆಯಲಾಗಲಿಲ್ಲ.

ದಾಸವಾಳವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಹಳೆಯ ಬ್ರಷ್ಷಿನಿಂದ ಕಾಂಡ ತಿಕ್ಕಿದ್ದೇನೆ. ಟೈಮರ್ ಇನ್ನೂ ಇದೆ, ನಾನೂ ಬೆಳಿಗ್ಗೆ ಆರೂವರೆಗೆ ಮೇಲೆ ಹೋಗುತ್ತಿದ್ದೇನೆ. ಈ ಬೆಳಿಗ್ಗೆ ಇರುವೆಗಳ ಸಾಲು ಸೀಬೆ ಗಿಡದ ಕಡೆ ತಿರುಗಿತ್ತು. ಒಂದೊಂದೇ ಎಲೆ ಮಗುಚಿ ನೋಡಿದೆ. ಏಳನೆಯದೋ ಎಂಟನೆಯದೋ ಎಲೆಯ ನರದ ಪಕ್ಕದಲ್ಲಿ ರವೆಯ ಕಾಳಿನಷ್ಟು ಬಿಳಿ. ಹೆಬ್ಬೆರಳಿನಿಂದ ಒರೆಸಿದೆ.