ನೀರು ಚಿಮ್ಮದ ಜಿಗಿತ
ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ 10 ಮೀಟರ್ ಎತ್ತರದ ಡೈವಿಂಗ್ ಫೈನಲ್ ಮತ್ತೆ ನೋಡುವುದಾದರೆ ಲಾಗ ಎಣಿಸಬೇಡಿ, ಕೈ ನೋಡಿ. ಚೀನಾದ ಕ್ವಾನ್ ಹಾಂಗ್‌ಚಾನ್, ಬರೀ 14ರ ಹುಡುಗಿ, ಐದು ಜಿಗಿತಕ್ಕೆ 466.20 ಅಂಕ!

ತಲೆಕೆಳಗಾಗಿ ನೀರಿಗೆ ಇಳಿಯುವಾಗ ಒಂದು ಕೈ ಇನ್ನೊಂದನ್ನು ಹಿಡಿದಿರುತ್ತದೆ, ಅಂಗೈ ಚಪ್ಪಟೆಯಾಗಿ ನೀರಿಗೆ ಬಡಿಯುತ್ತದೆ. ಮೊಣಕೈ ಮಡಚುವಂತಿಲ್ಲ, ತೋಳು ಕಿವಿಗೆ ಒತ್ತಿಕೊಂಡಿರಬೇಕು. ಆ ಬಡಿತಕ್ಕೆ ನೀರಲ್ಲಿ ಗುಂಡಿ ಬೀಳುತ್ತದೆ, ಇಡೀ ಮೈ ಅದರೊಳಗೇ ಇಳಿಯಬೇಕು. ಒಳಹೋದ ಕೂಡಲೇ ಕೈ ಅಗಲಿಸಿ ಎಳೆದರೆ ಗುಳ್ಳೆಗಳೂ ಜೊತೆಗೇ ಕೆಳಗೆ ಹೋಗುತ್ತವೆ. ಲಾಗ ಬಿಚ್ಚುವುದು ಚೂರು ತಡವಾಯಿತೋ, ಕಾಲು ನೇರ ದಾಟಿ ವಾಲುತ್ತದೆ, ನೀರು ಎರಚುತ್ತದೆ.

ಇಷ್ಟಕ್ಕೆಲ್ಲ ಸಿಗುವುದು ಹೆಚ್ಚುಕಡಿಮೆ ಒಂದೂವರೆ ಸೆಕೆಂಡು. ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 50 ಕಿ.ಮೀ. ಆ ವೇಗದಲ್ಲಿ ಬಂದ ಮೈಯನ್ನು ನೀರು ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುವುದು ಎಷ್ಟು ಚಂದ!