ಡಿಎನ್‌ಎ ರಿಪೋರ್ಟ್ ಬಂದ ಮೇಲೆ: ನನ್ನ ಊಟ, ವ್ಯಾಯಾಮದ ಪ್ರಯೋಗ ಎಲ್ಲಿಗೆ ಬಂತು

ರಿಪೋರ್ಟ್ ಕೈ ಸೇರಿತು. ನನ್ನ ಜೀನ್‌ಗಳಿಗೆ ಯಾವ ಊಟ, ಯಾವ ವ್ಯಾಯಾಮ ಹೊಂದುತ್ತದೆ ಅಂತ ತಿಳಿಯೋಕೆ ಡಿಎನ್‌ಎ ಪರೀಕ್ಷೆ ಮಾಡಿಸಿದ್ದೆ. ಹೋದ ಸಲ ಬರೆದಾಗ ಉಗುಳಿನ ಟ್ಯೂಬನ್ನು ಕೊರಿಯರ್‌ಗೆ ಕೊಟ್ಟು ಬಂದಿದ್ದೆ, ಅಷ್ಟೇ. ಆಮೇಲೆ ಏನು ಬದಲಾಯಿಸಿದೆ, ಏನನ್ನು ಹಾಗೇ ಬಿಟ್ಟೆ ಅಂತ ಈಗ ಬರೆಯುತ್ತೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಊರು ದಾವಣಗೆರೆ. ಅಜ್ಜನಿಗೆ ಸಕ್ಕರೆ ಕಾಯಿಲೆ ಇತ್ತು, ಅಪ್ಪನಿಗೆ ಇದೆ. ಶುರು ಮಾಡುವಾಗ ನನ್ನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 5.9 ಇತ್ತು. 5.7ರಿಂದ 6.4ರ ನಡುವೆ ಬಂದರೆ ಕಾಯಿಲೆ ಇನ್ನೂ ಬಂದಿಲ್ಲ, ಆದರೆ ಹತ್ತಿರದಲ್ಲಿದೆ ಅಂತ ಅರ್ಥ. ನೋಡೋಕೆ ದಪ್ಪಗಿಲ್ಲ, ಆದರೆ ಸೊಂಟದ ಸುತ್ತಳತೆ 94 ಸೆಂಟಿಮೀಟರ್. ಭಾರತದ ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ. ನಮ್ಮಲ್ಲಿ ತೆಳ್ಳಗಿದ್ದವರಿಗೂ ಹೊಟ್ಟೆಯಲ್ಲಿ ಕೊಬ್ಬು ಕೂರುವುದು ಜಾಸ್ತಿ.

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಬಗೆಯವು. ಮನೆಗೆ ಕಿಟ್ ಕಳಿಸುವ ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಅಷ್ಟನ್ನೂ ಓದುವುದಿಲ್ಲ. ಜನರಿಂದ ಜನರಿಗೆ ಬದಲಾಗುವ ಕೆಲವು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತಾರೆ. ನೀವು ಮಾಡಿಸುವುದಾದರೆ ಕಚ್ಚಾ ಡೇಟಾ ಫೈಲ್ (ಯಾವ ಜಾಗದಲ್ಲಿ ಯಾವ ಅಕ್ಷರ ಇದೆ ಅನ್ನುವ ಪಟ್ಟಿ) ಕೊಡುವವರ ಹತ್ತಿರವೇ ಮಾಡಿಸಿ. ಬಣ್ಣಬಣ್ಣದ ರಿಪೋರ್ಟ್‌ಗಿಂತ ನನಗೆ ಉಪಯೋಗಕ್ಕೆ ಬಂದಿದ್ದು ಆ ಫೈಲ್. ಒಂದೊಂದೇ ಜೀನ್ ಹುಡುಕಿ, ಅದರ ಬಗ್ಗೆ ಓದುತ್ತಾ ಕೂತೆ.

ಕಳಿಸುವ ಮುಂಚೆ ಅಕ್ಕನನ್ನು ಕೇಳಿದ್ದೆ. ನನ್ನ ಡಿಎನ್‌ಎಯಲ್ಲಿ ಅರ್ಧದಷ್ಟು ಅವಳದ್ದೂ ಹೌದು ಅಲ್ವಾ. ಇಂಥದೇ ಪರೀಕ್ಷೆ ಮಾಡುವ ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರಲ್ಲಿ ಕಂಪನಿ ದಿವಾಳಿ ಅರ್ಜಿಯನ್ನೂ ಹಾಕಿತು. ಪಾಸ್‌ವರ್ಡ್ ಬದಲಾಯಿಸಬಹುದು, ಜೀನ್ ಬದಲಾಯಿಸೋಕೆ ಆಗಲ್ಲ. ಮನೆಯವರನ್ನು ಕೇಳದೆ ಯಾರೂ ಕಳಿಸಬೇಡಿ.

ರಿಪೋರ್ಟ್ ಹೇಳಿದ್ದು

ಟಿಸಿಎಫ್7ಎಲ್2 ಜೀನ್‌ನಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ 'ಟಿ' ಅಕ್ಷರ ಒಂದಿದೆ. ಸಾಮಾನ್ಯವಾಗಿ ಒಂದೊಂದು ಜೀನ್‌ಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತವೆ. ಈ 'ಟಿ' ಒಂದು ಪ್ರತಿಯಲ್ಲಿದ್ದರೆ ಅಪಾಯ ಸುಮಾರು 1.4 ಪಟ್ಟು. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ನಿಮ್ಮ ಅಜ್ಜಾರಿಗೂ ಸಕ್ಕರೆ, ನಿಮ್ಮ ಅಪ್ಪಾರಿಗೂ ಸಕ್ಕರೆ. ಇದು ನಮಗೆ ಮೊದಲೇ ಗೊತ್ತಿತ್ತಲ್ಲಪ್ಪಾ" ಅಂದರು. ಅಮ್ಮನ ಮಾತು ಸರಿ. ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ ಏನು ಬಂತು ಅನ್ನುವುದೂ ಒಂದು ಜೀನ್ ಪರೀಕ್ಷೆಯೇ, ಅದೂ ಪುಕ್ಕಟೆ. ದುಡ್ಡು ಖರ್ಚು ಮಾಡುವ ಮುಂಚೆ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಎಫ್‌ಟಿಒ ಜೀನ್‌ಗೂ ತೂಕಕ್ಕೂ ನಂಟಿದೆ ಅಂತ ಗೊತ್ತಾಗಿದ್ದು 2007ರಲ್ಲಿ. ಅದರ ಅಪಾಯದ ಪ್ರತಿಯೂ ನನ್ನಲ್ಲಿ ಒಂದಿದೆ. ರಿಪೋರ್ಟ್‌ನಲ್ಲಿ ಅದಕ್ಕೆ ಕೆಂಪು ಬಣ್ಣ. ಆದರೆ ಒಂದು ಪ್ರತಿಯಿಂದ ತೂಕದಲ್ಲಾಗುವ ವ್ಯತ್ಯಾಸ ಸರಾಸರಿ ಒಂದೂವರೆ ಕಿಲೋ. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2011ರಲ್ಲಿ ನೋಡಿದಾಗ, ಮೈ ಬಗ್ಗಿಸಿ ಓಡಾಡುವವರಲ್ಲಿ ಈ ಜೀನ್ ತರುವ ಬೊಜ್ಜಿನ ಅಪಾಯ ಸುಮಾರು ಶೇ. 27ರಷ್ಟು ತಗ್ಗಿತ್ತು. ನನ್ನ ಮಟ್ಟಿಗೆ ಈ ಜೀನ್ ಬಗ್ಗೆ ಇರುವ ಒಳ್ಳೆ ಸುದ್ದಿ ಅದೇ. ರಿಪೋರ್ಟ್‌ನಲ್ಲಿ ಅದನ್ನೇ ಬರೆದಿರಲಿಲ್ಲ.

ಕಾಫಿ: ನನ್ನ ಸಿವೈಪಿ1ಎ2 ಜೀನ್ ಕಾಫಿಯಲ್ಲಿರುವ ಕೆಫೀನನ್ನು ನಿಧಾನವಾಗಿ ಕರಗಿಸುವ ಬಗೆಯದು. ಸಂಜೆ ಕಾಫಿ ಬಿಟ್ಟೆ. ನಿದ್ದೆ ಚೆನ್ನಾಗಿ ಬರುತ್ತಿದೆ.

ಹಾಲು: ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಉಳಿಸುವ ಬದಲಾವಣೆ ನನ್ನಲ್ಲಿಲ್ಲ. ದಕ್ಷಿಣ ಭಾರತದಲ್ಲಿ ಇದು ಮಾಮೂಲಿ. "ಹಾಲಿನ ಪದಾರ್ಥ ಬಿಡಿ" ಅಂತ ಸಲಹೆ ಬಂತು. ಬಿಡಲಿಲ್ಲ. ಹೆಪ್ಪು ಹಾಕಿದಾಗ ಆ ಸಕ್ಕರೆಯಲ್ಲಿ ಒಂದಷ್ಟನ್ನು ಬ್ಯಾಕ್ಟೀರಿಯಾಗಳೇ ತಿಂದುಬಿಡುತ್ತವೆ. ಬೆಣ್ಣೆ, ತುಪ್ಪದಲ್ಲಂತೂ ಅದು ಇಲ್ಲವೆನ್ನುವಷ್ಟು ಕಡಿಮೆ. ಮಜ್ಜಿಗೆ ಕುಡಿದು ನನಗೆ ಯಾವತ್ತೂ ತೊಂದರೆ ಆಗಿಲ್ಲ. ಲೋಟ ತುಂಬ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಅದನ್ನು ಮಾತ್ರ ನಿಲ್ಲಿಸಿದೆ.

ಮಂಡಕ್ಕಿಯ ಲೆಕ್ಕ

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಊಟದ ಸಲಹೆ. "ನಿಮ್ಮ ಜೀನ್‌ಗಳಿಗೆ ಕೊಬ್ಬು ಕಡಿಮೆ ಇರುವ ಆಹಾರ ಸರಿ" ಅಂತ ಬರೆದಿದ್ದರು. ನಮ್ಮೂರಲ್ಲಿ ಕೊಬ್ಬು ಕಡಿಮೆ ಇರುವ ತಿಂಡಿ ಯಾವುದು? ಮಂಡಕ್ಕಿ. ಎಣ್ಣೆ ಹಾಕದ ಬರೀ ಮಂಡಕ್ಕಿಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ರಿಪೋರ್ಟ್ ಪ್ರಕಾರ ನನಗೆ ಅದೇ ಒಳ್ಳೆಯದಾಗಬೇಕು.

ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರ್ ತಂದೆ. ತಿನ್ನುವ ಮುಂಚೆ, ಒಂದು ಗಂಟೆ ಆದ ಮೇಲೆ, ಎರಡು ಗಂಟೆ ಆದ ಮೇಲೆ ಬೆರಳು ಚುಚ್ಚಿ ನೋಡುವುದು. ಇಂಥ ಮೀಟರ್‌ಗಳಲ್ಲಿ ಶೇ. 15ರವರೆಗೆ ಹೆಚ್ಚುಕಡಿಮೆ ಇರಬಹುದು. ಅದಕ್ಕೇ ಒಂದೇ ತಿಂಡಿಯನ್ನು ಬೇರೆ ಬೇರೆ ದಿನ ತಿಂದು ನೋಡಿದೆ.

ಬರೀ ಮಂಡಕ್ಕಿ ತಿಂದ ದಿನ ಒಂದು ಗಂಟೆ ಆದ ಮೇಲೆ ಸಕ್ಕರೆ 180ರ ಹತ್ತಿರ. ಅದೇ ಅಳತೆಯ ಮಂಡಕ್ಕಿಗೆ ಹುರಿಗಡಲೆ ಪುಡಿ, ಶೇಂಗಾ, ಈರುಳ್ಳಿ, ಸೌತೆಕಾಯಿ ಹಾಕಿದಾಗ 150ರ ಆಸುಪಾಸು. ಜೋಳದ ರೊಟ್ಟಿಗೆ ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ಇದ್ದರೆ ಇನ್ನೂ ಕಡಿಮೆ. ರಾಗಿ ಗಂಜಿ ಕುಡಿದರೆ ಸರ್ರಂತ ಏರುತ್ತದೆ. ರಾಗಿ ಅಂದರೆ ಸಕ್ಕರೆ ಇರುವವರಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಹಿಟ್ಟನ್ನು ತೆಳ್ಳಗೆ ಬೇಯಿಸಿ ಕುಡಿದಾಗ ನನ್ನ ಮೈ ಹಾಗೆ ಹೇಳಲಿಲ್ಲ.

ಇಲ್ಲಿ ಶೇಂಗಾ ಅಂದರೆ ಕೊಬ್ಬು. ರಿಪೋರ್ಟ್ ಕಡಿಮೆ ಮಾಡು ಅಂದಿದ್ದು ಅದನ್ನೇ. ಸಕ್ಕರೆ ಏರುವುದನ್ನು ತಗ್ಗಿಸಿದ ಊಟದಲ್ಲೆಲ್ಲ ಇದ್ದಿದ್ದೂ ಅದೇ.

ಜೀನ್‌ಗೆ ತಕ್ಕ ಊಟ ಅನ್ನುವ ಮಾತನ್ನೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರನ್ನು ಒಂದು ವರ್ಷ ನೋಡಿ ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಹೊರತಂದಿತ್ತು. ಅರ್ಧ ಜನಕ್ಕೆ ಕೊಬ್ಬು ಕಡಿಮೆ, ಅರ್ಧ ಜನಕ್ಕೆ ಪಿಷ್ಟ ಕಡಿಮೆ. ಜೀನ್‌ಗೆ ಹೊಂದುವ ಊಟ ಸಿಕ್ಕವರು ಜಾಸ್ತಿ ತೂಕ ಇಳಿಸಿದರಾ? ಇಲ್ಲ. ಎರಡೂ ಗುಂಪು ಸರಾಸರಿ ಐದಾರು ಕಿಲೋ ಇಳಿಸಿದವು, ಜೀನ್‌ನಿಂದ ವ್ಯತ್ಯಾಸವೇ ಕಾಣಲಿಲ್ಲ. ಇನ್ನೊಂದು ಕಡೆ, ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ 800 ಜನರ ಸಕ್ಕರೆ ಅಳೆದು, ಒಂದೇ ತಿಂಡಿಗೆ ಒಬ್ಬೊಬ್ಬರ ಮೈ ಒಂದೊಂದು ತರ ನಡೆದುಕೊಳ್ಳುವುದನ್ನು ತೋರಿಸಿದರು. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳ ಪಾತ್ರವೂ ಅದರಲ್ಲಿತ್ತು. ಅಂದರೆ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಇರುವುದು ನಿಜ. ನಾಲ್ಕಾರು ಜೀನ್ ನೋಡಿ ಅದನ್ನು ಹೇಳೋಕೆ ಸದ್ಯಕ್ಕೆ ಆಗುವುದಿಲ್ಲ. ಅಳೆದು ನೋಡಿದರೆ ತಿಳಿಯುತ್ತದೆ.

ವ್ಯಾಯಾಮ

ಎಸಿಟಿಎನ್3 ಜೀನ್‌ನ ಎರಡೂ ಪ್ರತಿ ನನ್ನಲ್ಲಿ ಕೆಲಸ ಮಾಡುವುದಿಲ್ಲ. ಜಗತ್ತಿನಲ್ಲಿ ಸುಮಾರು ಐದರಲ್ಲಿ ಒಬ್ಬರು ಹೀಗಿರುತ್ತಾರೆ. ವೇಗವಾಗಿ ಬಿಗಿಯುವ ಸ್ನಾಯುಗಳಲ್ಲಿರುವ ಒಂದು ಪ್ರೋಟೀನ್ ಇವರಲ್ಲಿ ತಯಾರಾಗುವುದಿಲ್ಲ. "ಭಾರ ಎತ್ತುವುದು ನಿಮಗಲ್ಲ, ನಡಿಗೆ, ಓಟ ಮಾಡಿ" ಅಂತ ರಿಪೋರ್ಟ್.

ಈ ಸಲಹೆಯನ್ನು ನಾನು ಪಾಲಿಸುತ್ತಿಲ್ಲ. ಊಟವಾದ ಮೇಲೆ ರಕ್ತದಲ್ಲಿರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳೇ. ನನಗೆ ಪದಕ ಬೇಕಿಲ್ಲ, ಸ್ನಾಯು ಬೇಕು. ಈ ಜೀನ್ ಕೆಲಸ ಮಾಡದವರಿಗೂ ವ್ಯಾಯಾಮದಿಂದ ಸ್ನಾಯು ಬೆಳೆಯುತ್ತದೆ. ಇಂಥ ಪರೀಕ್ಷೆ ನೋಡಿ ತರಬೇತಿ ನಿರ್ಧರಿಸಬಾರದು ಅಂತ ಕ್ರೀಡಾ ವಿಜ್ಞಾನಿಗಳ ಒಂದು ತಂಡ 2015ರಲ್ಲೇ ಸ್ಪಷ್ಟವಾಗಿ ಬರೆದಿದೆ. ಚಿಕ್ಕಪ್ಪ ಹರೆಯದಲ್ಲಿ ಗರಡಿಗೆ ಹೋದವರು. "ಮೊಣಕಾಲು ನೋವಿಲ್ಲ ಅಂದ್ರೆ ಬಸ್ಕಿ ಹೊಡಿ ತಮ್ಮಾ, ನಾನು ಕಲಿಸ್ತೀನಿ" ಅಂದರು. ಈಗ ದಿನ ಬಿಟ್ಟು ದಿನ ಅವರ ಮುಂದೆ ದಂಡ, ಬಸ್ಕಿ. ಉಳಿದ ದಿನ ಬೆಳಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡಿಗೆ. ರಾತ್ರಿ ಊಟ ಆದ ಕೂಡಲೇ ಬೀದಿಯಲ್ಲಿ ಕಾಲು ಗಂಟೆ ಸುತ್ತುತ್ತೇನೆ. ಅಷ್ಟಕ್ಕೇ ಒಂದು ಗಂಟೆಯ ಅಂಕಿ ಇಪ್ಪತ್ತರಷ್ಟು ಇಳಿಯುತ್ತದೆ. ಖರ್ಚಿಲ್ಲದೆ ಇಷ್ಟು ಫಲ ಕೊಟ್ಟಿದ್ದು ಬೇರೇನೂ ಇಲ್ಲ.

ಈಗ

ಸೊಂಟ 90ಕ್ಕೆ ಬಂದಿದೆ. ಎಚ್‌ಬಿಎ1ಸಿ 5.6. ಡಾಕ್ಟರ್‌ಗೆ ಖುಷಿಯಾಯಿತು. ಊಟ, ಬಸ್ಕಿ, ನಿದ್ದೆ ಎಲ್ಲಾ ಒಟ್ಟಿಗೆ ಬದಲಾಗಿರುವುದರಿಂದ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕೆ ಆಗುವುದಿಲ್ಲ.

ಮುಂದಿನದು ಅಕ್ಕನ ಸರದಿ. ಅವಳು ಡಿಎನ್‌ಎ ಪರೀಕ್ಷೆ ಮಾಡಿಸುತ್ತಿಲ್ಲ, ಬರೀ ಗ್ಲುಕೋಮೀಟರ್. ನಾನು ತಿಂದ ಅದೇ ತಿಂಡಿ, ಅದೇ ಅಳತೆ, ಅದೇ ಹೊತ್ತು. ಒಂದೇ ಅಪ್ಪ ಅಮ್ಮನ ಮಕ್ಕಳಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಬೇಕು. ಇಬ್ಬರ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ಮುಂದಿನ ಸಲ ಹಾಕುತ್ತೇನೆ. ಮಂಡಕ್ಕಿಯಿಂದಲೇ ಶುರು.